ಪಾರ್ಕಿನ್ಸನ್ ಮತ್ತು ನಡಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಫಿಸಿಯೋಥೆರಪಿಸ್ಟ್. ಮನೆಮನೆಗೆ ಹೋಗಿ ವ್ಯಾಯಾಮ ಮಾಡಿಸುವುದು ನನ್ನ ಕೆಲಸ. ಪಾರ್ಕಿನ್ಸನ್ ಇರುವವರ ಮನೆಯಲ್ಲಿ ಎರಡು ಥರದ ಪ್ರಶ್ನೆ ಬರುತ್ತವೆ: ಹಾಲ್‌ನಲ್ಲಿ ಎಲ್ಲರೆದುರು ಕೇಳುವವು, ಆಮೇಲೆ ಗೇಟಿನ ತನಕ ಬಂದು ಮೆಲ್ಲಗೆ ಕೇಳುವವು. ಎರಡನ್ನೂ, ಜೊತೆಗೆ ವಾಟ್ಸಾಪ್‌ನಲ್ಲಿ ಬಂದವನ್ನೂ ಇಲ್ಲಿ ಹಾಕಿದ್ದೇನೆ. ಮಾತ್ರೆ ಎಷ್ಟು, ಯಾವುದು ಅನ್ನುವುದನ್ನು ನಿಮ್ಮ ನ್ಯೂರಾಲಜಿಸ್ಟ್ ಹತ್ತಿರವೇ ಕೇಳಿ. ಅದನ್ನು ನಾನು ಹೇಳುವುದಿಲ್ಲ.

## ಮೊದಮೊದಲು ಕೇಳುವವು

ಪಾರ್ಕಿನ್ಸನ್ ಅಂದ್ರೆ ಕೈ ನಡುಗೋ ಕಾಯಿಲೆ ಅಲ್ವಾ?

ನಡುಕ ಎಲ್ಲರ ಕಣ್ಣಿಗೂ ಬೀಳುತ್ತದೆ, ಅದಕ್ಕೇ ಅದು ಹೆಸರು ಮಾಡಿದೆ. ಆದರೆ ಡಾಕ್ಟರು ಮೊದಲು ಹುಡುಕುವುದು ನಿಧಾನವನ್ನು. ಹೆಬ್ಬೆರಳು, ತೋರುಬೆರಳು ಬೇಗ ಬೇಗ ತಟ್ಟಿಸಿ ನೋಡುತ್ತಾರೆ. ಬೆರಳು ಬರಬರುತ್ತಾ ಚಿಕ್ಕದಾಗಿ ತೆರೆಯುತ್ತದಾ, ಮಧ್ಯೆ ನಿಲ್ಲುತ್ತದಾ ಅಂತ. ಈ ನಿಧಾನ ಇರಲೇಬೇಕು, ಅದರ ಜೊತೆ ನಡುಕವೋ ಬಿಗಿತವೋ ಇದ್ದರೆ ಆಗ ಪಾರ್ಕಿನ್ಸನ್ ಅಂತ ಯೋಚಿಸುತ್ತಾರೆ. ಮಿದುಳಿನ ಒಳಭಾಗದಲ್ಲಿ ಡೋಪಮಿನ್ ಅನ್ನುವ ರಾಸಾಯನಿಕ ತಯಾರಿಸುವ ಜೀವಕೋಶಗಳು ವರ್ಷಗಟ್ಟಲೆ ಒಂದೊಂದಾಗಿ ಸಾಯುತ್ತಾ ಬಂದಿರುತ್ತವೆ. ಡೋಪಮಿನ್ ಕಮ್ಮಿಯಾದರೆ ಚಲನೆ ಚಿಕ್ಕದಾಗುತ್ತದೆ, ನಿಧಾನವಾಗುತ್ತದೆ. ಅಕ್ಷರ ಚಿಕ್ಕದು, ದನಿ ಚಿಕ್ಕದು, ಹೆಜ್ಜೆ ಚಿಕ್ಕದು. ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಅನ್ನುವ ಡಾಕ್ಟರು 1817ರಲ್ಲಿ ಆರು ಜನರನ್ನು ನೋಡಿ ಇದರ ಬಗ್ಗೆ ಬರೆದರು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನಲ್ಲಿ 85 ಲಕ್ಷಕ್ಕೂ ಹೆಚ್ಚು ಜನರಿಗೆ ಇದು ಇತ್ತು.

ಅಪ್ಪನಿಗೆ ನಡುಕವೇ ಇಲ್ಲ. ಡಾಕ್ಟರು ತಪ್ಪು ಹೇಳಿರಬಹುದಾ?

ನಡುಕ ಇಲ್ಲ ಅನ್ನುವುದೊಂದೇ ಕಾರಣಕ್ಕೆ ತಪ್ಪು ಅನ್ನಲು ಬರುವುದಿಲ್ಲ. ಹೆಚ್ಚುಕಮ್ಮಿ ನಾಲ್ಕರಲ್ಲಿ ಒಬ್ಬರಿಗೆ ನಡುಕ ಬರುವುದೇ ಇಲ್ಲ. ಇಂಥವರು ಮೊದಲು ಮೂಳೆ ಡಾಕ್ಟರ ಹತ್ತಿರ ಹೋಗಿರುತ್ತಾರೆ. ಭುಜ ಹಿಡಿದುಕೊಂಡಿದೆ ಅಂತ ಎಷ್ಟೋ ತಿಂಗಳು ಶಾಖ ಕೊಡಿಸಿಕೊಂಡಿರುತ್ತಾರೆ. ಇದಕ್ಕೆ ಉಲ್ಟಾನೂ ಇದೆ. ಕೈ ನಡುಗುವವರಿಗೆಲ್ಲ ಪಾರ್ಕಿನ್ಸನ್ ಇರುವುದಿಲ್ಲ. ಕಾಫಿ ಲೋಟ ಎತ್ತುವಾಗ, ಸಹಿ ಹಾಕುವಾಗ ಎರಡೂ ಕೈ ನಡುಗಿ, ತೊಡೆ ಮೇಲೆ ಕೈ ಇಟ್ಟು ಕೂತಾಗ ಸುಮ್ಮನಿದ್ದರೆ ಅದು ಹೆಚ್ಚಾಗಿ ಬೇರೆ ಥರದ ನಡುಕ, ಕೆಲವು ಮನೆತನಗಳಲ್ಲಿ ಓಡುತ್ತದೆ. ಪಾರ್ಕಿನ್ಸನ್ ನಡುಕ ಕೈ ಸುಮ್ಮನಿದ್ದಾಗ ಜಾಸ್ತಿ, ಮತ್ತು ಒಂದೇ ಕಡೆಯಿಂದ ಶುರುವಾಗುತ್ತದೆ.

ವಯಸ್ಸಾದ ಮೇಲೆ ಎಲ್ಲರೂ ನಿಧಾನ ಆಗ್ತಾರೆ. ಇದು ಬೇರೆ ಅಂತ ಹೇಗೆ ಗೊತ್ತಾಗುತ್ತೆ?

ಹಿಂದಿನಿಂದ ನೋಡಿ. ನಡೆಯುವಾಗ ಒಂದು ಕೈ ಬೀಸುತ್ತದೆ, ಇನ್ನೊಂದು ಮೈಗೆ ಅಂಟಿಕೊಂಡೇ ಇರುತ್ತದೆ. ವಯಸ್ಸು ಹೀಗೆ ಒಂದೇ ಕಡೆ ನೋಡಿಕೊಂಡು ಬರುವುದಿಲ್ಲ. ಯಾವುದಾದರೂ ಮದುವೆ ವಿಡಿಯೋ ಇದ್ದರೆ ತೆಗೆದು ನೋಡಿ, ಎರಡು ಮೂರು ವರ್ಷದ ಹಿಂದೆಯೇ ಆ ಕೈ ಬೀಸುವುದು ನಿಲ್ಲಿಸಿರುತ್ತದೆ. ಮಂಡಿ ಸವೆದವರು ನೋವಿಗೆ ಕುಂಟುತ್ತಾರೆ, ನೋವಿಲ್ಲದ ಕಾಲಿನ ಮೇಲೆ ಭಾರ ಹಾಕುತ್ತಾರೆ. ಪಾರ್ಕಿನ್ಸನ್ ಇರುವವರು ಕುಂಟುವುದಿಲ್ಲ, ಪಾದ ಎತ್ತದೆ ಚಪ್ಪಲಿ ಸರಪರ ಎಳೆಯುತ್ತಾರೆ. ತಿರುಗುವಾಗ ಎರಡು ಹೆಜ್ಜೆಯಲ್ಲಿ ಮುಗಿಯುವುದಕ್ಕೆ ಎಂಟು ಹತ್ತು ಹೆಜ್ಜೆ ಬೇಕಾಗುತ್ತದೆ. ರಾತ್ರಿ ಹಾಸಿಗೆಯಲ್ಲಿ ಮಗ್ಗುಲು ಬದಲಿಸುವುದು ಕಷ್ಟ. ಇದರ ಜೊತೆಗೆ ನಡಿಗೆಗೆ ಸಂಬಂಧವೇ ಇಲ್ಲ ಅನ್ನಿಸುವ ಕೆಲವು ಸಂಗತಿಗಳನ್ನೂ ಕೇಳಿ: ಒಗ್ಗರಣೆ ಸೀದರೂ ವಾಸನೆ ಗೊತ್ತಾಗದೇ ಇರುವುದು, ವರ್ಷಗಳಿಂದ ಮಲಬದ್ಧತೆ, ನಿದ್ದೆಯಲ್ಲಿ ಕನಸಿಗೆ ತಕ್ಕ ಹಾಗೆ ಕೂಗುವುದು, ಒದೆಯುವುದು. ಇವು ನಡಿಗೆ ಕೆಡುವುದಕ್ಕೆ ಎಷ್ಟೋ ವರ್ಷ ಮೊದಲೇ ಬಂದಿರಬಹುದು.

ನೆನಪಿರಲಿ, ಪಾರ್ಕಿನ್ಸನ್ ಒಂದೇ ದಿನದಲ್ಲಿ ಬರುವುದಿಲ್ಲ. ಬೆಳಿಗ್ಗೆ ಚೆನ್ನಾಗಿದ್ದವರು ಮಧ್ಯಾಹ್ನ ಕಾಲೆಳೆದರೆ, ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ ಅದು ಸ್ಟ್ರೋಕ್ ಇರಬಹುದು. ತಕ್ಷಣ ಆಸ್ಪತ್ರೆಗೆ ಹೊರಡಿ.

ಎಂಆರ್‌ಐ ನಾರ್ಮಲ್ ಬಂದಿದೆ. ಹಾಗಾದ್ರೆ ಏನೂ ಇಲ್ಲ ಅಂತಾನಾ?

ಇಲ್ಲ. ಮಾಮೂಲಿ ಎಂಆರ್‌ಐನಲ್ಲಿ ಪಾರ್ಕಿನ್ಸನ್ ಕಾಣುವುದಿಲ್ಲ. ಅದನ್ನು ಮಾಡಿಸುವುದು ಬೇರೆ ಕಾಯಿಲೆ ಇಲ್ಲ ಅಂತ ಖಚಿತಪಡಿಸಿಕೊಳ್ಳಲು. ಪತ್ತೆ ಮಾಡುವುದು ಕಣ್ಣಿಂದ ನೋಡಿ, ಕೈ ಮುಟ್ಟಿ, ನಡೆಸಿ.

ಗ್ಯಾಸ್ ಮಾತ್ರೆಯಿಂದ ಪಾರ್ಕಿನ್ಸನ್ ಬರುತ್ತೆ ಅಂತ ಯಾರೋ ಹೇಳಿದ್ರು. ನಿಜಾನಾ?

ಅರ್ಧ ನಿಜ, ಮತ್ತು ಆ ಅರ್ಧ ಬಹಳ ಮುಖ್ಯ. ಎಲ್ಲ ಗ್ಯಾಸ್ ಮಾತ್ರೆಯೂ ಅಲ್ಲ. ಆಸಿಡಿಟಿ ಔಷಧದ ಜೊತೆ ಲೆವೊಸಲ್ಪಿರೈಡ್ ಸೇರಿಸಿದ ಕ್ಯಾಪ್ಸೂಲ್‌ಗಳು ನಮ್ಮಲ್ಲಿ ಧಾರಾಳವಾಗಿ ಓಡಾಡುತ್ತವೆ. ತಲೆಸುತ್ತಿಗೆ ಕೊಡುವ ಸಿನ್ನರಿಜೈನ್, ತಲೆನೋವಿಗೆ ಕೊಡುವ ಫ್ಲುನಾರಿಜೈನ್, ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ಕೆಲವು ಮಾನಸಿಕ ಕಾಯಿಲೆಯ ಔಷಧಗಳೂ ಇದೇ ಸಾಲಿಗೆ ಸೇರುತ್ತವೆ. ಇವು ಡೋಪಮಿನ್ ಕೆಲಸಕ್ಕೆ ಅಡ್ಡ ಬರುತ್ತವೆ, ಹಾಗಾಗಿ ನೋಡಲು ಥೇಟ್ ಪಾರ್ಕಿನ್ಸನ್ ಥರವೇ ಕಾಣುತ್ತದೆ. ಒಳ್ಳೆಯ ಸುದ್ದಿ ಏನೆಂದರೆ ಔಷಧ ನಿಂತ ಮೇಲೆ ಬಹಳ ಜನ ವಾರಗಳಲ್ಲೋ ತಿಂಗಳುಗಳಲ್ಲೋ ಸುಧಾರಿಸುತ್ತಾರೆ. ತೊಂದರೆ ಎಲ್ಲಿದೆ ಅಂದರೆ, ಹದಿನೈದು ದಿನಕ್ಕೆ ಬರೆದುಕೊಟ್ಟ ಚೀಟಿಯನ್ನು ಮೆಡಿಕಲ್ ಶಾಪಿನಲ್ಲಿ ತೋರಿಸಿ ಮೂರು ವರ್ಷ ತಗೊಂಡವರು ಇರುತ್ತಾರೆ. ನ್ಯೂರಾಲಜಿಸ್ಟ್ ಹತ್ತಿರ ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆಯ ಸ್ಟ್ರಿಪ್‌ಗಳನ್ನೂ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ. ಮಾನಸಿಕ ಕಾಯಿಲೆಯ ಮಾತ್ರೆಯನ್ನು ಮಾತ್ರ ನೀವೇ ನಿಲ್ಲಿಸಬೇಡಿ.

ಅಪ್ಪನಿಗೆ ಬಂದಿದೆ. ನಮಗೂ ಬರುತ್ತಾ?

ಇದು ಗೇಟಿನ ಹತ್ತಿರದ ಪ್ರಶ್ನೆ. ಬಹುಪಾಲು ಜನರಲ್ಲಿ ಇದು ಅಪ್ಪನಿಂದ ಮಗನಿಗೆ ನೇರವಾಗಿ ಬರುವ ಕಾಯಿಲೆ ಅಲ್ಲ. ಮನೆಯಲ್ಲಿ ಒಬ್ಬರಿಗಿದ್ದರೆ ಉಳಿದವರಿಗೆ ಸಾಧ್ಯತೆ ಸ್ವಲ್ಪ ಜಾಸ್ತಿ, ಅಷ್ಟೇ. ಚಿಕ್ಕ ವಯಸ್ಸಿಗೇ ಬಂದಿದ್ದರೆ, ಅಥವಾ ಮನೆತನದಲ್ಲಿ ಹಲವರಿಗೆ ಇದ್ದರೆ ಮಾತ್ರ ಜೀನ್ ಪರೀಕ್ಷೆಯ ಮಾತು ಬರುತ್ತದೆ. ಪ್ಯಾರಾಕ್ವಾಟ್‌ನಂಥ ಕಳೆನಾಶಕ, ಕೆಲವು ಕೀಟನಾಶಕಗಳಿಗೂ ಪಾರ್ಕಿನ್ಸನ್‌ಗೂ ಸಂಬಂಧ ಹಲವು ಅಧ್ಯಯನಗಳಲ್ಲಿ ಕಂಡಿದೆ. ತೋಟದಲ್ಲಿ ಔಷಧಿ ಹೊಡೆಯುವವರು ಬರಿಗೈಯಲ್ಲಿ, ಬರಿಮೈಯಲ್ಲಿ ಹೊಡೆಯುವುದನ್ನು ಬಿಟ್ಟರೆ ಒಳ್ಳೆಯದು.

## ಮಾತ್ರೆ, ಊಟ, ಗಡಿಯಾರ

ಸಿಂಡೋಪಾ ಊಟಕ್ಕೆ ಮುಂಚೆನಾ, ಆಮೇಲಾ?

ಸಾಮಾನ್ಯವಾಗಿ ಊಟಕ್ಕೆ ಅರ್ಧ ಗಂಟೆ ಮುಂಚೆ, ಇಲ್ಲದಿದ್ದರೆ ಊಟವಾಗಿ ಒಂದೂವರೆ ಗಂಟೆ ಆದ ಮೇಲೆ. ಸಿಂಡೋಪಾ ಪಾರ್ಕಿನ್ಸನ್‌ಗೆ ಕೊಡುವ ಮಾತ್ರೆ. ಇದರಲ್ಲಿರುವ, ಮಿದುಳಿನಲ್ಲಿ ಡೋಪಮಿನ್ ಆಗಿ ಬದಲಾಗುವ ಲೆವೊಡೋಪಾ ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಮಿದುಳಿಗೆ ಹೋಗುವ ದಾರಿಯೂ ಬೇಳೆ, ಹಾಲು, ಮೊಸರು, ಮೊಟ್ಟೆಯ ಪ್ರೋಟೀನ್ ಹೋಗುವ ದಾರಿಯೂ ಒಂದೇ. ಎರಡೂ ಒಟ್ಟಿಗೆ ಹೋದರೆ ಮಾತ್ರೆ ಹಿಂದೆ ಬೀಳುತ್ತದೆ. ಹಾಲಿನ ಜೊತೆ ಮಾತ್ರೆ ನುಂಗಿಸುವ ಅಭ್ಯಾಸ ತುಂಬಾ ಮನೆಗಳಲ್ಲಿದೆ, ದಯವಿಟ್ಟು ನೀರಲ್ಲಿ ಕೊಡಿ. ಹಾಗಂತ ಬೇಳೆ, ಮೊಸರು ಬಿಡಿಸಬೇಡಿ, ಮೊದಲೇ ಸೊರಗುವ ಕಾಯಿಲೆ ಇದು. ಶುರುವಿನಲ್ಲಿ ಹೊಟ್ಟೆ ತೊಳಸಿದರೆ ಒಂದೆರಡು ಬಿಸ್ಕತ್ತಿನ ಜೊತೆ ಕೊಡಬಹುದು.

ಸ್ಟ್ರಿಪ್ ಮೇಲಿನ ನಂಬರ್ ಬಗ್ಗೆಯೂ ಕೇಳುತ್ತಾರೆ. 110 ಅಂದರೆ 100 ಮಿಲಿಗ್ರಾಂ ಲೆವೊಡೋಪಾ, 10 ಮಿಲಿಗ್ರಾಂ ಕಾರ್ಬಿಡೋಪಾ. 125 ಅಂದರೆ 100 ಮತ್ತು 25. ಕಾರ್ಬಿಡೋಪಾ ಏನು ಮಾಡುತ್ತದೆ ಅಂದರೆ, ಲೆವೊಡೋಪಾ ಮಿದುಳು ತಲುಪುವ ಮೊದಲೇ ಹೊರಗೆ ಖರ್ಚಾಗದಂತೆ ತಡೆಯುತ್ತದೆ, ವಾಂತಿಯೂ ಕಮ್ಮಿಯಾಗುತ್ತದೆ. ಹೆಸರಿನ ಕೊನೆಗೆ ಸಿಆರ್ (ಔಷಧವನ್ನು ನಿಧಾನವಾಗಿ ಬಿಡುವ ಮಾತ್ರೆ) ಅಂತಿದ್ದರೆ ಪುಡಿ ಮಾಡಬೇಡಿ, ಅಗಿಯಲು ಹೇಳಬೇಡಿ.

ಈಗಲೇ ಮಾತ್ರೆ ಶುರು ಮಾಡಿದ್ರೆ ಐದು ವರ್ಷದಲ್ಲಿ ಅದು ಕೆಲಸ ಮಾಡಲ್ಲವಂತೆ. ತಡ ಮಾಡೋದೇ ವಾಸಿನಾ?

ಈ ಮಾತನ್ನು ಕೇಳಿ ಕೇಳಿ ನನಗೆ ಸಿಟ್ಟೇ ಬರುತ್ತದೆ. ಮಾತ್ರೆ ಉಳಿಸೋಣ ಅಂತ ಎರಡು ವರ್ಷ ಮನೆಯೊಳಗೇ ಕೂತವರನ್ನು ನೋಡಿದ್ದೇನೆ. ಅಷ್ಟರಲ್ಲಿ ಅವರ ತೊಡೆಯ ಶಕ್ತಿ ಹೋಗಿರುತ್ತದೆ, ಅದನ್ನು ವಾಪಸ್ ತರುವುದು ನನ್ನ ಪಾಲಿಗೆ ಬರುತ್ತದೆ. ಘಾನಾ ಮತ್ತು ಇಟಲಿಯ ರೋಗಿಗಳನ್ನು ಹೋಲಿಸಿದ ಒಂದು ಅಧ್ಯಯನ 2014ರಲ್ಲಿ ಬಂತು. ಘಾನಾದಲ್ಲಿ ಔಷಧ ಸಿಗದೆ ತುಂಬಾ ತಡವಾಗಿ ಶುರು ಮಾಡಿದ್ದರು. ಆದರೂ ಮಾತ್ರೆಯ ಏರಿಳಿತಗಳು (ಒಂದು ಹೊತ್ತು ಚೆನ್ನಾಗಿ ಹತ್ತುವುದು, ಇನ್ನೊಂದು ಹೊತ್ತು ಬಲ ಮುಗಿಯುವುದು) ಎರಡೂ ಕಡೆ ಕಾಯಿಲೆಯ ಹೆಚ್ಚುಕಮ್ಮಿ ಅದೇ ಹಂತದಲ್ಲಿ ಕಾಣಿಸಿಕೊಂಡವು. ಅಂದರೆ ಕೆಡುತ್ತಾ ಹೋಗುವುದು ಕಾಯಿಲೆ, ಮಾತ್ರೆಗೆ ಎಕ್ಸ್‌ಪೈರಿ ಆಗುವುದಲ್ಲ. ದಿನದ ಕೆಲಸಕ್ಕೆ ತೊಂದರೆಯಾಗುತ್ತಿದ್ದರೆ ಶುರು ಮಾಡಿ ಅಂತಲೇ ಡಾಕ್ಟರುಗಳು ಹೇಳುತ್ತಾರೆ.

ನಸುಗುನ್ನಿ ಪುಡಿ ಕೊಡಬಹುದಾ? ಅದು ನ್ಯಾಚುರಲ್ ಅಲ್ವಾ?

ಮುಟ್ಟಿದರೆ ಮೈಯೆಲ್ಲ ತುರಿಸುವ ಅದೇ ನಸುಗುನ್ನಿಯ ಬೀಜದಲ್ಲಿ ಲೆವೊಡೋಪಾ ನಿಜವಾಗಿಯೂ ಇದೆ. ಇದು ಬರೀ ಅಜ್ಜಿಯ ಮಾತಲ್ಲ, ಭಾರತದ ದಾಮೋದರನ್ ಮತ್ತು ರಾಮಸ್ವಾಮಿ ಅನ್ನುವ ವಿಜ್ಞಾನಿಗಳು 1937ರಲ್ಲೇ ಅದನ್ನು ಬೇರ್ಪಡಿಸಿ ತೋರಿಸಿದ್ದರು. ತಮಾಷೆ ಏನೆಂದರೆ, ಇರುವುದರಿಂದಲೇ ಎಚ್ಚರ ಬೇಕು. ಮಾತ್ರೆಯ ಜೊತೆ ಪುಡಿಯನ್ನೂ ಕೊಟ್ಟರೆ ಒಂದೇ ಔಷಧವನ್ನು ಎರಡು ಹೆಸರಲ್ಲಿ ಕೊಟ್ಟ ಹಾಗಾಯಿತು. ಒಂದು ಚಮಚದಲ್ಲಿ ಎಷ್ಟಿದೆ ಅಂತ ಡಬ್ಬಿ ಹೇಳುವುದಿಲ್ಲ, ಒಂದು ಡಬ್ಬಿ ಇದ್ದಂತೆ ಇನ್ನೊಂದು ಇರುವುದಿಲ್ಲ. ಕೊಡುತ್ತಿದ್ದರೆ ನ್ಯೂರಾಲಜಿಸ್ಟ್‌ಗೆ ಹೇಳಿ, ಬೈದರೂ ಪರವಾಗಿಲ್ಲ. ಹೇಳದೇ ಇದ್ದರೆ ಅವರು ಲೆಕ್ಕವನ್ನೇ ತಪ್ಪು ಹಾಕುತ್ತಾರೆ.

## ಹೆಜ್ಜೆ

ಬಾಗಿಲ ಹತ್ತಿರ ಬಂದ ತಕ್ಷಣ ಕಾಲು ನೆಲಕ್ಕೆ ಅಂಟಿಕೊಳ್ಳುತ್ತೆ. ಹಾಲ್‌ನಲ್ಲಿ ಚೆನ್ನಾಗೇ ನಡೀತಾರೆ. ನಾಟಕ ಮಾಡ್ತಿದ್ದಾರಾ?

ನಾಟಕ ಅಲ್ಲ. ಒಮ್ಮೆ ಬಗ್ಗಿ ಅವರ ಪಾದ ನೋಡಿ. ಬಲಗಾಲಿನ ಹಿಮ್ಮಡಿ ಎದ್ದಿರುತ್ತದೆ, ಹೆಬ್ಬೆರಳು ಮಾತ್ರ ನೆಲ ಬಿಡುವುದಿಲ್ಲ, ಮೊಣಕಾಲು ಅದುರುತ್ತಿರುತ್ತದೆ. ಮೈ ಮುಂದಕ್ಕೆ ಹೋಗುತ್ತಿದೆ, ಕಾಲು ಬರುತ್ತಿಲ್ಲ. ಬೇಕೂಂತ ಹೀಗೆ ಮಾಡಲು ಯಾರಿಗೂ ಆಗುವುದಿಲ್ಲ, ಬೇಕಾದರೆ ನೀವೇ ಮಾಡಿ ನೋಡಿ.

ಇದನ್ನು ಫ್ರೀಜಿಂಗ್ ಅನ್ನುತ್ತಾರೆ. ನಾವು ನಡೆಯುವಾಗ ಯಾವ ಕಾಲು ಮುಂದೆ ಅಂತ ಯೋಚಿಸುವುದಿಲ್ಲ, ಅದು ತಾನಾಗಿ ನಡೆಯುವ ಕೆಲಸ. ಪಾರ್ಕಿನ್ಸನ್‌ನಲ್ಲಿ ಕೆಡುವುದು ಈ ತಾನಾಗಿ ನಡೆಯುವುದೇ. ಸಮತಟ್ಟಾದ ಹಾಲ್‌ನಲ್ಲಿ ಹೇಗೋ ಸಾಗುತ್ತದೆ. ಬಾಗಿಲು ಬಂತು, ಹೊಸ್ತಿಲು ಬಂತು, ತಿರುಗಬೇಕು, ಯಾರೋ ಎದುರು ಬಂದರು, ಫೋನ್ ರಿಂಗಾಯಿತು, ಬಾತ್‌ರೂಮಿಗೆ ಅವಸರ, ಆಗ ನಿಂತುಬಿಡುತ್ತದೆ. "ಬೇಗ ಬನ್ನಿ, ಯಾಕೆ ನಿಂತ್ರಿ" ಅಂದರಂತೂ ಮುಗಿಯಿತು, ಇನ್ನೂ ಬಿಗಿಯಾಗುತ್ತದೆ. ಗಾಬರಿ ಫ್ರೀಜಿಂಗನ್ನು ಹೆಚ್ಚಿಸುತ್ತದೆ.

ಆ ಹೊತ್ತಲ್ಲಿ ನಾವೇನು ಮಾಡಬೇಕು? ಕೈ ಹಿಡಿದು ಎಳೀಬಹುದಾ?

ಎಳೆಯಬೇಡಿ. ಮೈ ಮುಂದೆ ಬಂದು ಪಾದ ಹಿಂದೆಯೇ ಉಳಿದರೆ ಇಬ್ಬರೂ ಬೀಳುತ್ತೀರಿ. ಮೊದಲು ನಿಲ್ಲಿಸಿ, ನೆಟ್ಟಗೆ ನಿಲ್ಲಲು ಹೇಳಿ. ಆಮೇಲೆ ಭಾರವನ್ನು ಎಡಗಾಲಿಗೆ, ಬಲಗಾಲಿಗೆ, ಮತ್ತೆ ಎಡಗಾಲಿಗೆ ಅಂತ ಮೆಲ್ಲಗೆ ತೂಗಲು ಹೇಳಿ. ಭಾರ ಎಡಗಾಲಿನ ಮೇಲೆ ಇದ್ದಾಗ ಬಲಗಾಲಲ್ಲಿ ಒಂದು ದೊಡ್ಡ ಹೆಜ್ಜೆ. ದೊಡ್ಡದು ಅನ್ನುವುದು ಮುಖ್ಯ.

ತಾನಾಗಿ ಬರದ ಹೆಜ್ಜೆ, ಗಮನ ಕೊಟ್ಟು ಇಟ್ಟರೆ ಬರುತ್ತದೆ. ಅದಕ್ಕೇ ನೆಲದ ಮೇಲೆ ಗೆರೆ ಹಾಕುತ್ತೇವೆ. ಬಾತ್‌ರೂಮಿನ ಬಾಗಿಲ ಮುಂದೆ, ಮಂಚದ ಪಕ್ಕ, ಬಣ್ಣದ ಟೇಪನ್ನು ಅಡ್ಡಡ್ಡವಾಗಿ, ಅವರ ಒಂದು ಒಳ್ಳೆಯ ಹೆಜ್ಜೆಯಷ್ಟು ಅಂತರದಲ್ಲಿ ಅಂಟಿಸಿ. ರೆಡ್ ಆಕ್ಸೈಡ್ ನೆಲವಾದರೆ ಬಿಳಿ ಟೇಪು, ಬಿಳಿ ಟೈಲ್ಸ್ ಆದರೆ ಕಪ್ಪು. ಗೆರೆಯನ್ನು ದಾಟಿ ಅಂತ ಹೇಳಿ. ನಡೆಯಿರಿ ಅಂದಾಗ ಅಲುಗದ ಕಾಲು, ದಾಟಿ ಅಂದಾಗ ಎತ್ತಿಕೊಂಡು ಹೋಗುವುದನ್ನು ಮೊದಲ ಸಲ ನೋಡಿದ ಮನೆಯವರು ಬೆಕ್ಕಸಬೆರಗಾಗುತ್ತಾರೆ. ಗೆರೆ ಇಲ್ಲದ ಕಡೆ ನಿಮ್ಮ ಪಾದವನ್ನೇ ಅವರ ಪಾದದ ಮುಂದೆ ಅಡ್ಡ ಇಟ್ಟು ದಾಟಿಸಬಹುದು.

ಕಿವಿಗೂ ಇದೇ ಉಪಾಯ. ಒಂದ್, ಎರಡ್ ಅಂತ ಎಣಿಸುವುದು, ಮೊಬೈಲಿನಲ್ಲಿ ಒಂದೇ ಲಯದಲ್ಲಿ ತಾಳ ಹಾಕುವ ಮೆಟ್ರೊನೋಮ್ ಆ್ಯಪ್. ನನ್ನ ಅನುಭವದಲ್ಲಿ ನಮ್ಮ ಹಿರಿಯರಿಗೆ ಆ್ಯಪಿನ ಟಿಕ್ ಟಿಕ್‌ಗಿಂತ ಭಜನೆಯ ತಾಳ ಚೆನ್ನಾಗಿ ಹಿಡಿಸುತ್ತದೆ. ಹೆಂಡತಿ ಪಕ್ಕದಲ್ಲಿ ತಾಳ ತಟ್ಟಿಕೊಂಡು ಹೋದರೆ ಗಂಡನ ಹೆಜ್ಜೆ ಅದಕ್ಕೆ ಕೂರುತ್ತದೆ. ತಿರುಗುವಾಗ ನಿಂತಲ್ಲೇ ಗಿರ್ರನೆ ತಿರುಗಬಾರದು, ಸ್ವಲ್ಪ ಜಾಗ ತಗೊಂಡು ಅರ್ಧ ಸುತ್ತು ಹೊಡೆದು ಬರಬೇಕು. ನಡೆಯುವಾಗ ಮಾತಾಡಿಸಬೇಡಿ, ಕೈಯಲ್ಲಿ ಕಾಫಿ ಲೋಟ ಕೊಡಬೇಡಿ.

ನಡೆಯೋಕೆ ಆಗಲ್ಲ ಅಂತಾರೆ, ಸೈಕಲ್ ಮಾತ್ರ ಸಲೀಸಾಗಿ ಹೊಡೀತಾರೆ. ಇದು ಹೇಗೆ?

ಆಗುತ್ತದೆ! 2010ರಲ್ಲಿ ನೆದರ್ಲೆಂಡ್ಸ್‌ನ ಡಾಕ್ಟರುಗಳು ಹೀಗೇ ಒಬ್ಬ 58 ವರ್ಷದ ರೋಗಿಯ ಬಗ್ಗೆ ವಿಡಿಯೋ ಸಮೇತ ಬರೆದರು. ಕೆಲವೇ ಹೆಜ್ಜೆಗೆ ಕಾಲು ಕಟ್ಟಿ ಬೀಳುತ್ತಿದ್ದವರು ಸೈಕಲ್ ಹತ್ತಿದರೆ ನೆಟ್ಟಗೆ ಹೋಗುತ್ತಿದ್ದರು, ಇಳಿದ ಕೂಡಲೇ ಮತ್ತೆ ಅದೇ ಕಥೆ. ಪೆಡಲ್ ಕಾಲಿಗೆ ಲಯ ಕೊಡುತ್ತದೆ ಅನ್ನುವುದು ಒಂದು ವಿವರಣೆ. ನಮ್ಮ ರಸ್ತೆಗಳಲ್ಲಿ ಸೈಕಲ್ ಬೇಡ, ಮನೆಯಲ್ಲಿ ನಿಂತಲ್ಲೇ ತುಳಿಯುವ ಸೈಕಲ್ ಸಾಕು.

ಯಾವ ವ್ಯಾಯಾಮ ಒಳ್ಳೆಯದು? ಬೆಳಿಗ್ಗೆ ಸ್ವಲ್ಪ ವಾಕಿಂಗ್ ಸಾಕಲ್ವಾ?

ಪಾರ್ಕಿನಲ್ಲಿ ಮಾತಾಡಿಕೊಂಡು ಅಡ್ಡಾಡುವುದು ಸಾಲದು. ಉಸಿರು ಸ್ವಲ್ಪ ಏರಬೇಕು. ಅಮೆರಿಕದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಇನ್ನೂ ಮಾತ್ರೆ ಶುರು ಮಾಡದ ರೋಗಿಗಳನ್ನು ಟ್ರೆಡ್‌ಮಿಲ್ ಮೇಲೆ ಹೃದಯ ಬಡಿತ ಗರಿಷ್ಠದ 80ರಿಂದ 85 ಶೇಕಡ ಮುಟ್ಟುವಷ್ಟು ಜೋರಾಗಿ ನಡೆಸಿದರು. ಆರು ತಿಂಗಳ ಮೇಲೆ ಅವರ ಚಲನೆ ಹೆಚ್ಚೇನೂ ಕೆಟ್ಟಿರಲಿಲ್ಲ, ಎಂದಿನಂತೆ ಇದ್ದವರದು ಕೆಟ್ಟಿತ್ತು. ಇದು ಶುರುವಿನ ಹಂತದವರಿಗೆ, ಮತ್ತು ಹೃದಯ ಪರೀಕ್ಷೆ ಮಾಡಿಸಿಕೊಂಡು. ಬ್ಯಾಲೆನ್ಸ್‌ಗೆ ತಾಯ್ ಚಿ ಅನ್ನುವ ಚೀನಾದ ನಿಧಾನ ವ್ಯಾಯಾಮ ಉಪಯೋಗ, 2012ರ ಒಂದು ಪ್ರಯೋಗದಲ್ಲಿ ಬೀಳುವುದು ಕಮ್ಮಿಯಾಗಿತ್ತು. ನಮ್ಮೂರಲ್ಲಿ ತಾಯ್ ಚಿ ಎಲ್ಲಿ ಹುಡುಕುತ್ತೀರಿ? ಕುರ್ಚಿಯಿಂದ ಕೈ ಊರದೆ ಏಳುವುದು, ದೊಡ್ಡ ಹೆಜ್ಜೆ, ಕೈ ಜೋರಾಗಿ ಬೀಸುವುದು, ಜೋರು ದನಿಯಲ್ಲಿ ಎಣಿಸುವುದು, ಇದನ್ನೇ ದಿನಾ ಮಾಡಿ. ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತಿರುವ ಹೊತ್ತಲ್ಲಿ ಮಾಡಿ.

ವಾಕರ್ ತಂದುಕೊಟ್ವಿ, ಇನ್ನೂ ಜಾಸ್ತಿ ಬೀಳ್ತಿದ್ದಾರೆ. ಯಾಕೆ?

ಎತ್ತಿ ಇಟ್ಟು ನಡೆಯುವ ಅಲ್ಯೂಮಿನಿಯಂ ವಾಕರ್ ಮಂಡಿ ಆಪರೇಷನ್ ಆದವರಿಗೆ ಸರಿ. ಪಾರ್ಕಿನ್ಸನ್ ಇರುವವರಿಗೆ ಪ್ರತಿ ಹೆಜ್ಜೆಗೂ ಎತ್ತು, ಇಡು, ನಡೆ ಅಂತ ಹೊಸದಾಗಿ ಶುರು ಮಾಡಬೇಕಾಗುತ್ತದೆ, ಶುರು ಮಾಡುವುದೇ ಅವರ ಕಷ್ಟ. ಎತ್ತುವಾಗ ಹಿಂದಕ್ಕೂ ವಾಲುತ್ತಾರೆ. ನಾಲ್ಕು ಗಾಲಿ ಮತ್ತು ಕೈಬ್ರೇಕ್ ಇರುವುದು ಕೆಲವರಿಗೆ ಒಗ್ಗುತ್ತದೆ, ಆದರೆ ಚಿಕ್ಕ ಚಿಕ್ಕ ಹೆಜ್ಜೆ ತಡೆಯಲಾಗದೆ ಓಟವಾಗಿಬಿಡುವವರಿಗೆ ಅದೂ ಮುಂದೆ ಓಡಿಹೋಗುತ್ತದೆ. ಕೊಳ್ಳುವ ಮೊದಲು ನಡೆಸಿ ನೋಡಿ.

ಮನೆಯೊಳಗೆ: ಕಾಲೊರಸು ತೆಗೆಯಿರಿ, ಉದ್ದ ಪಂಚೆ ಬದಲು ಪೈಜಾಮ, ಹವಾಯಿ ಚಪ್ಪಲಿ ಬದಲು ಹಿಂದೆ ಪಟ್ಟಿ ಇರುವ ಚಪ್ಪಲಿ, ಕಮೋಡ್ ಪಕ್ಕ ಗೋಡೆಗೆ ಗಟ್ಟಿ ಹಿಡಿಕೆ, ರಾತ್ರಿ ಒಂದು ಸಣ್ಣ ಬಲ್ಬ್.

ಎದ್ದು ನಿಂತ ಕೂಡಲೇ ಕಣ್ಣು ಕತ್ತಲೆ ಬಂದು ಬೀಳ್ತಾರೆ. ಇದೂ ಪಾರ್ಕಿನ್ಸನ್ನಾ?

ಇರಬಹುದು. ನಿಂತಾಗ ಬಿಪಿ ಇಳಿಯುವುದು ಈ ಕಾಯಿಲೆಯಲ್ಲಿ ಸಾಮಾನ್ಯ, ಮಾತ್ರೆಗಳೂ ಇಳಿಸುತ್ತವೆ. ಮಲಗಿದಾಗ ಒಮ್ಮೆ, ಎದ್ದು ನಿಂತು ಮೂರು ನಿಮಿಷದೊಳಗೆ ಇನ್ನೊಮ್ಮೆ ಬಿಪಿ ನೋಡಿ. ಮೇಲಿನ ನಂಬರ್ 20 ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ ಡಾಕ್ಟರಿಗೆ ತೋರಿಸಿ. ಹಳೇ ಬಿಪಿ ಮಾತ್ರೆ ಈಗ ಜಾಸ್ತಿಯಾಗಿರಲೂಬಹುದು.

## ಕಾಯಿಲೆ ಹಳೆಯದಾದ ಮೇಲೆ

ಮಾತ್ರೆ ತಗೊಂಡು ಒಂದು ಗಂಟೆಗೆ ಮೈಯೆಲ್ಲ ಹೊರಳುತ್ತೆ, ಮುಂದಿನ ಮಾತ್ರೆ ಹೊತ್ತಿಗೆ ಕಲ್ಲಾಗಿಬಿಡ್ತಾರೆ. ಯಾವುದು ಕಾಯಿಲೆ, ಯಾವುದು ಮಾತ್ರೆ?

ಕಲ್ಲಾಗುವುದು ಕಾಯಿಲೆ, ಮಾತ್ರೆಯ ಬಲ ಮುಗಿದಿದೆ ಅಂತ. ಹೊರಳುವುದು ಮಾತ್ರೆಯ ಮಟ್ಟ ಏರಿದಾಗ ಆಗುವುದು. ಲೆವೊಡೋಪಾ ರಕ್ತದಲ್ಲಿ ಸುಮಾರು ಒಂದೂವರೆ ಗಂಟೆಗೆ ಅರ್ಧಕ್ಕೆ ಇಳಿಯುತ್ತದೆ. ಮೊದಲ ವರ್ಷಗಳಲ್ಲಿ ಮಿದುಳು ಅದನ್ನು ಕೂಡಿಟ್ಟುಕೊಳ್ಳುತ್ತಿತ್ತು, ಈಗ ಆಗುತ್ತಿಲ್ಲ. ಮೂರು ದಿನ ಒಂದು ನೋಟ್‌ಬುಕ್ಕಿನಲ್ಲಿ ಗಂಟೆ ಗಂಟೆಗೆ ಬರೆಯಿರಿ: ಮಾತ್ರೆ ಎಷ್ಟಕ್ಕೆ, ಊಟ ಎಷ್ಟಕ್ಕೆ, ಚೆನ್ನಾಗಿದ್ದಾರಾ, ಕಲ್ಲಾಗಿದ್ದಾರಾ, ಹೊರಳುತ್ತಿದ್ದಾರಾ. ಡಾಕ್ಟರು ಡೋಸ್ ಒಡೆದು ಹತ್ತಿರ ಹತ್ತಿರ ಕೊಡುವುದು, ಹೊರಳುವುದನ್ನು ತಗ್ಗಿಸುವ ಅಮಾಂಟಡೀನ್ ಸೇರಿಸುವುದು ಇವೆಲ್ಲ ತೀರ್ಮಾನಿಸಲು ಆ ನೋಟ್‌ಬುಕ್ ಯಾವ ಸ್ಕ್ಯಾನ್‌ಗಿಂತಲೂ ಉಪಯೋಗ.

ಮಾತ್ರೆಗೆ ಜಗ್ಗುತ್ತಲೇ ಇಲ್ಲ. ಬೇರೆ ಕಾಯಿಲೆ ಇರಬಹುದಾ?

ಇರಬಹುದು, ಕೇಳಲೇಬೇಕಾದ ಪ್ರಶ್ನೆ. ಶುರುವಿನ ವರ್ಷದಲ್ಲೇ ಪದೇ ಪದೇ ಹಿಂದಕ್ಕೆ ಬೀಳುತ್ತಿದ್ದರೆ, ಕಣ್ಣು ಕೆಳಗೆ ಹೊರಳಿಸಲು ಕಷ್ಟವಾಗಿ ಮೆಟ್ಟಿಲು ಕಾಣದಿದ್ದರೆ ಪಿಎಸ್‌ಪಿ ಅನ್ನುವ ಬೇರೆ ಕಾಯಿಲೆಯ ಅನುಮಾನ ಬರುತ್ತದೆ. ಸೊಂಟದ ಮೇಲೆ ಎಲ್ಲ ಸರಿ, ಕೈ ಬೀಸುತ್ತಾರೆ, ಕಾಲು ಮಾತ್ರ ಎಳೆಯುತ್ತಾರೆ ಅಂದರೆ ಸಣ್ಣ ಸಣ್ಣ ಸ್ಟ್ರೋಕ್‌ಗಳು ಕಾರಣವಿರಬಹುದು. ಕಾಲು ಅಗಲಿಸಿಕೊಂಡು ಎಳೆಯುವ ನಡಿಗೆ, ಮೂತ್ರ ತಡೆಯಲಾಗದೇ ಇರುವುದು, ಮರೆವು, ಈ ಮೂರೂ ಒಟ್ಟಿಗೆ ಬಂದರೆ ಮಿದುಳಿನಲ್ಲಿ ನೀರು ಸೇರಿಕೊಂಡಿರುವ ಎನ್‌ಪಿಎಚ್ ಇರಬಹುದು. ಇದನ್ನು ಬಿಡಬೇಡಿ, ಆ ನೀರನ್ನು ಹರಿದುಹೋಗಲು ಬಿಡುವ ನಳಿಕೆ (ಶಂಟ್) ಹಾಕಿದ ಮೇಲೆ ನಡಿಗೆ ಸುಧಾರಿಸಿದವರಿದ್ದಾರೆ.

ಡಿಬಿಎಸ್ ಆಪರೇಷನ್ ಮಾಡಿಸಿದ್ರೆ ಮೊದಲಿನ ಹಾಗೆ ನಡೀತಾರಾ?

ಡಿಬಿಎಸ್ (ಡೀಪ್ ಬ್ರೇನ್ ಸ್ಟಿಮ್ಯುಲೇಷನ್) ಅಂದರೆ ಮಿದುಳಿಗೆ ಸಣ್ಣ ವಿದ್ಯುತ್ ಕೊಡುವುದು: ಮಿದುಳಿನೊಳಗೆ ತೆಳು ತಂತಿ, ಕಾಲರ್‌ಬೋನ್ ಕೆಳಗೆ ಚರ್ಮದಡಿ ಬ್ಯಾಟರಿ. ಫ್ರಾನ್ಸಿನ ಗ್ರೆನೋಬ್ಲ್‌ನಲ್ಲಿ 1987ರಲ್ಲಿ ಈ ದಾರಿ ತೆರೆದುಕೊಂಡಿತು, ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಮಾಡುತ್ತಾರೆ. ನಿಮ್ಮ ಪ್ರಶ್ನೆಗೆ ಉತ್ತರ ಮಾತ್ರೆಯಲ್ಲೇ ಇದೆ. ಮಾತ್ರೆ ಚೆನ್ನಾಗಿ ಹತ್ತಿದಾಗ ಅವರು ಹೇಗೆ ನಡೆಯುತ್ತಾರೋ, ಹೆಚ್ಚುಕಮ್ಮಿ ಅಷ್ಟನ್ನು ಡಿಬಿಎಸ್ ದಿನದ ಹೆಚ್ಚು ಹೊತ್ತು ಕೊಡಬಹುದು. ಮಾತ್ರೆ ಹತ್ತಿದಾಗಲೂ ಬೀಳುತ್ತಿದ್ದರೆ, ಕಾಲು ಕಟ್ಟುತ್ತಿದ್ದರೆ ಆಪರೇಷನ್‌ನಿಂದ ಅದು ಹೋಗುವುದು ಕಷ್ಟ. ನಡುಕ ಮಾತ್ರ ಇದಕ್ಕೆ ಅಪವಾದ, ಮಾತ್ರೆಗೆ ಬಗ್ಗದ ನಡುಕವೂ ಡಿಬಿಎಸ್‌ಗೆ ಬಗ್ಗಬಹುದು. ಕಾಯಿಲೆಯನ್ನು ಅದು ನಿಲ್ಲಿಸುವುದಿಲ್ಲ.

ಅಪ್ಪ ಈಗೀಗ ರಾತ್ರಿಯೆಲ್ಲ ಮೊಬೈಲಲ್ಲಿ ದುಡ್ಡು ಕಟ್ಟಿ ರಮ್ಮಿ ಆಡ್ತಾರೆ. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ?

ಇದೆ. ಪಾರ್ಕಿನ್ಸನ್‌ಗೇ ಕೊಡುವ ಪ್ರಮಿಪೆಕ್ಸೋಲ್, ರೋಪಿನಿರೋಲ್ ಅನ್ನುವ ಮಾತ್ರೆಗಳಿಂದ ಕೆಲವರಿಗೆ ಜೂಜು, ಖರೀದಿ, ತಿನ್ನುವುದು, ಲೈಂಗಿಕ ಬಯಕೆ ಕೈಮೀರುತ್ತದೆ. ಬೈದರೆ ಪ್ರಯೋಜನವಿಲ್ಲ. ನಾಚಿಕೆ ಬಿಟ್ಟು ಡಾಕ್ಟರಿಗೆ ಹೇಳಿ, ಅವರು ನಿಧಾನವಾಗಿ ಇಳಿಸುತ್ತಾರೆ.

ಬೇರೆ ಕಾಯಿಲೆಗೆ ಆಸ್ಪತ್ರೆಗೆ ಸೇರಿಸಬೇಕಾಗಿದೆ. ಪಾರ್ಕಿನ್ಸನ್ ಮಾತ್ರೆ ಎರಡು ದಿನ ಬಿಟ್ಟರೆ ಪರವಾಗಿಲ್ವಾ?

ಇಲ್ಲ, ಬಿಡಲೇಬೇಡಿ. ಲೆವೊಡೋಪಾ ತಟ್ಟನೆ ನಿಂತರೆ ಮೈ ಸೆಟೆದು, ವಿಪರೀತ ಜ್ವರ ಬಂದು ಜೀವಕ್ಕೇ ಅಪಾಯವಾಗಬಹುದು. ವಾರ್ಡಿನಲ್ಲಿ ಮಾತ್ರೆ ಕೊಡುವ ಹೊತ್ತು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ. ನಿಮ್ಮವರ ಹೊತ್ತು 6, 10, 2, 6 ಇರಬಹುದು. ಒಂದು ಹಾಳೆಯಲ್ಲಿ ಮಾತ್ರೆ ಹೆಸರು ಮತ್ತು ಹೊತ್ತು ದೊಡ್ಡದಾಗಿ ಬರೆದು ಕೇಸ್ ಶೀಟಿನ ಮೇಲೆ ಪಿನ್ ಮಾಡಿಸಿ. ಅದರ ಕೆಳಗೆ, ಡೋಪಮಿನ್ ಕೆಲಸಕ್ಕೆ ಅಡ್ಡ ಬರುವ ಮೆಟೊಕ್ಲೊಪ್ರಮೈಡ್, ಪ್ರೊಕ್ಲೋರ್‌ಪೆರಜೈನ್, ಹ್ಯಾಲೊಪೆರಿಡಾಲ್ ಕೊಡಬೇಡಿ ಅಂತ ಬರೆಯಿರಿ. ಬಾಯಿಂದ ನುಂಗಲಾಗದಿದ್ದರೆ ಮೂಗಿನ ನಳಿಕೆಯಲ್ಲಿ ಕೊಡಲು ಬರುತ್ತದೆ, ಕೇಳಿ.

ಅಂಗವಿಕಲರ ಸರ್ಟಿಫಿಕೇಟ್ ಸಿಗುತ್ತಾ?

ಸಿಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ಸ್ಥಿತಿಗಳಲ್ಲಿ ಪಾರ್ಕಿನ್ಸನ್ ಕೂಡ ಒಂದು. ಅಂಗವಿಕಲರ ಗುರುತಿನ ಚೀಟಿ ಕೊಡುವ ಕೇಂದ್ರ ಸರ್ಕಾರದ ಯುಡಿಐಡಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಅಲ್ಲಿ ಸೂಚಿಸುವ ಸರ್ಕಾರಿ ಆಸ್ಪತ್ರೆಗೆ ಹೋಗಿ ತೋರಿಸಬೇಕು. ಹೆಚ್ಚಿನ ಸೌಲಭ್ಯಗಳಿಗೆ 40 ಶೇಕಡ ಅಥವಾ ಅದಕ್ಕಿಂತ ಜಾಸ್ತಿ ಅಂತ ಬರೆದಿರಬೇಕು. ತಪಾಸಣೆಯ ದಿನ ಮಾತ್ರೆ ಹತ್ತಿದ ಹೊತ್ತಲ್ಲಿ ಹೋದರೆ ಇವರು ನೆಟ್ಟಗೆ ನಡೆದು ಒಳಗೆ ಹೋಗುತ್ತಾರೆ, ಡಾಕ್ಟರಿಗೆ ಏನೂ ಕಾಣುವುದಿಲ್ಲ. ಹಾಗಂತ ಮಾತ್ರೆ ತಪ್ಪಿಸಿ ಕರೆದುಕೊಂಡು ಹೋಗಬೇಡಿ. ಕಾಲು ಕಟ್ಟಿದಾಗಿನ ಒಂದು ವಿಡಿಯೋ ಮೊಬೈಲಲ್ಲಿ ಇಟ್ಟುಕೊಳ್ಳಿ, ನ್ಯೂರಾಲಜಿಸ್ಟ್ ಚೀಟಿಗಳ ಜೆರಾಕ್ಸ್ ಎರಡು ಸೆಟ್ ಇರಲಿ.